ಆಮೋಸನ ತೀರ್ಪು

ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಪರಿಶ್ರಮದಿಂದ 1831ರಲ್ಲಿ ಬಳ್ಳಾರಿಯಲ್ಲಿ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅಂದಿನಿಂದ ಇಬ್ರಿಯ ಪ್ರವಾದಿಗಳ ವಾಣಿ ನಮ್ಮ ನುಡಿಯಲ್ಲಿಯೂ ಉಂಟು. ಮತದ ಮಾತನ್ನು ಬದಿಗಿರಿಸಿ ಕಾವ್ಯವೆಂದು ನೋಡಿದರೂ ಅದು ಮನನಯೋಗ್ಯವಾದುದು. ಅದರಲ್ಲಿ ಆಮೋಸನ ಪುಟ್ಟ ಗ್ರಂಥವನ್ನು ಇಲ್ಲಿ ಪರಿಶೀಲಿಸಬಹುದು.

ಈತನು ಕ್ರಿಸ್ತಪೂರ್ವ ಎಂಟನೆಯ ಶತಮಾನದವನು. ಯೆಹೂದ ಸೀಮೆಯ ತೆಕೋವದ ಕುರುಬನು. ಪರರಾಜ್ಯವಾದ ಇಸ್ರಾಯೇಲಿಗೆ ಹೋಗಿ ದೇವರ ತೀರ್ಪನ್ನು ಸಾರಿದನು. ಆತನ ಕ್ರಮವನ್ನು ನೋಡಿರಿ. ಮೊದಲು ದಮಸ್ಕ, ಆಮೇಲೆ ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಗಿಲ್ಯಾದಿನ ಜನರನ್ನು ಕಣದಲ್ಲಿ ತೆನೆಯನ್ನು ಒಕ್ಕುವಂತೆ ಕಬ್ಬಿಣದಿಂದ ಒಕ್ಕಿದುದು ದಮಸ್ಕದ ಪಾಪ; ಊರಿಗೆ ಊರನ್ನೇ ಸೆರೆಹಿಡಿದು ಮಾರಿದುದು ಗಾಜದ ಪಾಪ. ನೆರೆಯವರಿಗೆ ಶಿಕ್ಷೆಯೆಂದರೆ ಯಾರಿಗೆ ತಾನೆ ಹಿತವಲ್ಲ? ಕೇಳುವವರು ತಲೆದೂಗುತ್ತಿರುವಂತೆಯೇ ಏಳನೆಯದಾಗಿ ತನ್ನ ಯೆಹೂದದ ಹೆಸರು, ಎಂಟನೆಯದಾಗಿ ಕೇಳುತ್ತಿರುವ ಇಸ್ರಾಯೇಲಿನ ಹೆಸರೇ ಬರುತ್ತದೆ. ಅವರ ಅಪರಾಧ ಯುದ್ಧದ್ದಲ್ಲ. ಒಂದು ಜೊತೆ ಕೆರಗಳಿಗಾಗಿ ಬಡವನನ್ನು ಮಾರಿದುದು. ಪೇಟೆಯ ಅನ್ಯಾಯವೂ ರಣರಂಗದ ಕ್ರೌರ್ಯವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ಈ ರಚನೆಯೇ ಗ್ರಂಥದ ಜೀವ.

ಇನ್ನೊಂದು ಅಂಶ. ಮೋವಾಬು ಸುಟ್ಟುದು ಎದೋಮಿನ ಅರಸನ ಎಲುಬುಗಳನ್ನು. ಅದರಿಂದ ಇಸ್ರಾಯೇಲಿಗೆ ಆದ ನಷ್ಟವೇನೂ ಇಲ್ಲ. ಆದರೂ ಅದು ದಂಡಾರ್ಹವೇ. ಆದುದರಿಂದ ಈ ದೇವರನ್ನು ಕೇವಲ ಕುಲದ ಪಕ್ಷಪಾತಿಯೆನ್ನಲಾಗದು.

ಪ್ರವಾದಿಗಳೆಲ್ಲರೂ ಈ ಎತ್ತರದಲ್ಲಿ ನಿಲ್ಲುವುದಿಲ್ಲ. ನಹೂಮನು ನಿನೆವೆಯ ನಾಶಕ್ಕೆ ಹಿಗ್ಗುತ್ತಾನೆ. ಸ್ವಜನರ ದೋಷದತ್ತ ತಿರುಗುವುದಿಲ್ಲ. ಅದೇ ನಿನೆವೆ ಪಶ್ಚಾತ್ತಾಪಪಟ್ಟು ಉಳಿಯಿತೆಂದು ಯೋನನ ಕಥೆ ಎದುರುನುಡಿಯುತ್ತದೆ. ಪಾಪಿಯನ್ನು ಅವನಿಗಿಂತ ಪಾಪಿಯಾದವನಿಂದ ದಂಡಿಸುವುದು ನ್ಯಾಯವೇ ಎಂದು ಹಬಕ್ಕೂಕನು ದೇವರನ್ನೇ ಕೇಳುತ್ತಾನೆ. ಸೋತವರೆಲ್ಲ ಪಾಪಿಗಳು, ಗೆದ್ದವರೆಲ್ಲ ಪುಣ್ಯವಂತರು ಎಂಬ ಸುಲಭಸೂತ್ರ ಅಲ್ಲಿಯೇ ಮುರಿದುಬೀಳುತ್ತದೆ.

ಈ ಬೈಬಲ್ ಅಚ್ಚಾದ ಬಳ್ಳಾರಿಗೆ ಹಂಪೆ ದೂರವಲ್ಲ. 1565ರ ಪತನವನ್ನು ನೆನೆವಾಗ ಹಗೆಯ ಕ್ರೌರ್ಯವನ್ನೂ ಒಳಗಿನವರ ದ್ರೋಹವನ್ನೂ ಎಣಿಸುತ್ತೇವೆ. ಆ ನಷ್ಟವನ್ನು ದೈವದಂಡನೆಯೆನ್ನುವುದು ಸಲ್ಲದು. ಆದರೆ ಆಮೋಸನ ಎಂಟನೆಯ ಹೆಸರನ್ನು, ಎಂದರೆ ನಮ್ಮ ಹೆಸರನ್ನು, ಆ ಲೆಕ್ಕದಿಂದ ಕೈಬಿಡಬಹುದೆ? ನೆರೆಯವರ ಪಾಪದಲ್ಲಿಯೇ ಮುಗಿಯುವ ಚರಿತ್ರೆ ಆಮೋಸನ ಆರನೆಯ ಹೆಸರಿನಲ್ಲಿಯೇ ನಿಂತುಹೋದ ಚರಿತ್ರೆ.