ಧ್ರುವನೂ ಒಂಟಿಯಲ್ಲ

ಬಹುತಾರಾ ಮಂಡಲಗಳಲ್ಲಿ ಅವಿತಿರುವ ಕೃಷ್ಣರಂಧ್ರಗಳನ್ನು ಕುರಿತು ಬರೆಯುವೆನೆಂದು ಓದುಗರಿಗೆ ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಳ್ಳಲೆಂದು ಅಕ್ಕಲಕೋಟೆಯ ಮಾಳಿಗೆಯ ಮೇಲೆ ಕುಳಿತು ದಕ್ಷಿಣ ದಿಗಂತವನ್ನು ನೋಡುತ್ತಿರಲು, ಹಳೆಯ ಬಾಕಿಯೊಂದನ್ನು ತೀರಿಸದೆ ಮುಂದುವರಿಯುವುದು ಯುಕ್ತವಲ್ಲವೆಂದು ತೋರಿತು.

2020ರ ಮೇ ತಿಂಗಳಲ್ಲಿ, ಎಚ್‌ಆರ್ 6819 ಎಂಬ ಮಸುಕು ತಾರೆಯ ಮನೆಯಲ್ಲಿ ಎರಡು ನಕ್ಷತ್ರಗಳ ಜೊತೆಗೆ ಮೂರನೆಯದಾಗಿ ಕೃಷ್ಣರಂಧ್ರವೊಂದು ವಾಸವಾಗಿದೆಯೆಂದೂ, ಸುಮಾರು ಸಾವಿರ ಜ್ಯೋತಿರ್ವರ್ಷ ದೂರದ ಅದೇ ನಮಗೆ ಅತ್ಯಂತ ಸಮೀಪದ್ದೆಂದೂ ಪ್ರಕಟವಾದಾಗ, ಬರಿಗಣ್ಣಿಗೇ ಕಪ್ಪುಕುಳಿ ಕಂಡಂತೆ ಸಂಭ್ರಮಿಸಿದವರುಂಟು. ಕಾಣುವುದು ತಾರೆಯ ಬೆಳಕೇ ಹೊರತು ಕುಳಿಯಲ್ಲವೆಂದ ನನಗೆ ಅರಸಿಕನೆಂಬ ಬಿರುದು ಬಂದಿತು. 2022ರಲ್ಲಿ ಇನ್ನಷ್ಟು ಸೂಕ್ಷ್ಮವಾದ ವೀಕ್ಷಣೆ ನಡೆದು, ಅಲ್ಲಿರುವುವು 40 ದಿನಗಳಿಗೊಮ್ಮೆ ಪರಸ್ಪರ ಸುತ್ತುವ ಎರಡೇ ತಾರೆಗಳೆಂದೂ, ಒಂದು ಇನ್ನೊಂದರ ಮೈಮೇಲಿನ ಅನಿಲವನ್ನು ಹೀರಿಕೊಂಡಿದ್ದುದರಿಂದ ಈ ಭ್ರಮೆ ಹುಟ್ಟಿತೆಂದೂ ತಿಳಿಯಿತು. "ನಿಮ್ಮ ಕರೀ ತೆಗ್ಗು ಎಲ್ಲಿ ಹೋತ್ರೀ, ಮಾಸ್ತರ?" ಎಂದು ನೆರೆಮನೆಯ ಅಜ್ಜ ಕೇಳಿದರು. ಅದು ನನ್ನದಲ್ಲವೆಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

ಮೂವರ ನಿಜವಾದ ಸಂಸಾರ ದೊರೆತದ್ದು 2024ರಲ್ಲಿ, ಹಂಸಪುಂಜದ ವಿ404ರಲ್ಲಿ. 1938, 1989, 2015ರಲ್ಲಿ ಉರಿದೆದ್ದು ಆರಿದ ಈ ತಾಣದಲ್ಲಿ, ಸೂರ್ಯನ ಒಂಬತ್ತು ಪಟ್ಟು ತೂಕದ ಕೃಷ್ಣರಂಧ್ರವನ್ನು ತಾರೆಯೊಂದು ಆರೂವರೆ ದಿನಕ್ಕೊಮ್ಮೆ ಸುತ್ತುತ್ತಿರುವುದು ಮೊದಲೇ ತಿಳಿದಿತ್ತು. ಪಕ್ಕದಲ್ಲಿ ಕಾಣುತ್ತಿದ್ದ ಇನ್ನೊಂದನ್ನು ಮಾತ್ರ ಯಾವುದೋ ದಾರಿಹೋಕ ತಾರೆಯೆಂದು ಎಲ್ಲರೂ ಬಗೆದಿದ್ದರು. ಅದೂ ಅದೇ ಮನೆಯದೇ ಎಂಬುದನ್ನು ಗಾಯಾ ಉಪಗ್ರಹದ ಅಳತೆಗಳು ತೋರಿದುವು: ಭೂಮಿ-ಸೂರ್ಯರ ಅಂತರದ 3,500 ಪಟ್ಟು ದೂರದಲ್ಲಿ, ಸುಮಾರು 70,000 ವರ್ಷಕ್ಕೊಂದು ಸುತ್ತು. ಸಡಿಲ ಕಣ್ಣಿಯಲ್ಲಿ ಕಟ್ಟಿದ ಕರುವು ಗೂಟ ಅಲುಗಿದೊಡನೆ ಓಡಿಹೋಗುವಂತೆ, ಮೂಲತಾರೆಯು ಸಿಡಿದು ಕೃಷ್ಣರಂಧ್ರಕ್ಕೆ ಒದೆತ ಬಿದ್ದಿದ್ದಲ್ಲಿ ಈ ದೂರದ ತಾರೆ ಎಂದೋ ಕಳಚಿಹೋಗಬೇಕಾಗಿತ್ತು. ಹೋಗಿಲ್ಲವಾದುದರಿಂದ, ಆ ಮೂಲತಾರೆ ಸದ್ದಿಲ್ಲದೆ ತನ್ನೊಳಗೆ ತಾನೇ ಕುಸಿದಿರಬೇಕೆಂಬುದು ಶೋಧಕರ ಊಹೆ.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಕಾಣದ ಸಂಗಾತಿಯನ್ನು ಕಾಣುವವನ ನಡೆಯಿಂದ ಅರಿಯುವ ಈ ವಿದ್ಯೆಯ ಮಾತು ಬಂದಾಗಲೆಲ್ಲ ಮನಸ್ಸು ನಮ್ಮ ಸೋಲಾಪುರ ಜಿಲ್ಲೆಯ ಜೇವೂರಿಗೆ ಓಡುತ್ತದೆ. (ಕರಮಾಳೆ ತಾಲ್ಲೂಕಿನದು; ನಮ್ಮ ತಾಲ್ಲೂಕಿನ ಅದೇ ಹೆಸರಿನ ಊರಲ್ಲ.) 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಪುಣೆಯ ನೇಗಮವಾಲರೂ, ಕ್ಯಾಲಿಫೋರ್ನಿಯದ ಲಿಕ್ ವೇಧಶಾಲೆಯ ಕ್ಯಾಂಬೆಲ್ಲರೂ ಅಲ್ಲಿ ಬಿಡಾರ ಹೂಡಿದ್ದರು. ಈ ಕ್ಯಾಂಬೆಲ್ಲರೇ ಮರುವರ್ಷ ಲಿಕ್ಕಿನಲ್ಲಿ ಧ್ರುವತಾರೆಯ ವರ್ಣಪಟಲವನ್ನು ಅಳೆದು, ಅದು ಮುಂದಕ್ಕೂ ಹಿಂದಕ್ಕೂ ಸರಿಯುತ್ತಿರುವುದನ್ನು ಕಂಡು, ನಾಲ್ಕು ದಿನಕ್ಕೊಮ್ಮೆ ಸುತ್ತುವ ಸಂಗಾತಿಯೊಂದು, ಅದಕ್ಕಿಂತ ದೂರದ್ದು ಮತ್ತೊಂದು, ಹೀಗೆ ತ್ರಿತಾರಾ ಮಂಡಲವೆಂದು ಸಾರಿದರು. ಅಚಲತೆಗೇ ಹೆಸರಾದವನು ಅಲುಗಾಡುತ್ತಿದ್ದಾನೆ! ನಾಲ್ಕು ದಿನದ ಆ ಸಂಗಾತಿ ಇಲ್ಲವೆಂದೂ, ಅದು ತಾರೆಯು ತಾನೇ ಉಬ್ಬಿ ಕುಗ್ಗುವ ಉಸಿರಾಟವೆಂದೂ ಬಳಿಕ ತಿಳಿಯಿತು. ಸುಮಾರು 30 ವರ್ಷಕ್ಕೊಮ್ಮೆ ಸುತ್ತುವ ಸಂಗಾತಿ ಮಾತ್ರ ನಿಜ. ಹರ್ಷೆಲ್ಲರು 1779ರಲ್ಲೇ ದೂರದರ್ಶಕದಲ್ಲಿ ಕಂಡಿದ್ದ ಇನ್ನೊಂದೂ ನಿಜ. ಎಣಿಕೆ ಮೂರೇ ಉಳಿಯಿತು, ಆಳು ಬದಲಾಯಿತು. 2020ರ ಶೋಧಕರ ತಪ್ಪೂ ಈ ಜಾತಿಯದೇ ಆದುದರಿಂದ, ಅವರ ಮೇಲಿನ ನನ್ನ ಮುನಿಸನ್ನು ಇಂದಿಗೆ ಅರ್ಧ ಹಿಂತೆಗೆದುಕೊಂಡಿದ್ದೇನೆ. ಉಳಿದರ್ಧ ಸಂಭ್ರಮಿಸಿದವರಿಗೆ ಸೇರಿದ್ದು.

ಆಗಸ್ಟ್ ಕೊನೆಯ ಒಂದು ರಾತ್ರಿ, ಮೋಡ ಸರಿದಿದ್ದರೆ, ಎಂಟು ಗಂಟೆಯ ಹೊತ್ತಿಗೆ ಅಕ್ಕಲಕೋಟೆಯ ಸುತ್ತಮುತ್ತ ಊರ ದೀಪಗಳಿಂದ ದೂರ ನಿಂತು ನೋಡಿರಿ: ಉತ್ತರಕ್ಕೆ ಧ್ರುವ ದಿಗಂತದಿಂದ ಸುಮಾರು ಹದಿನೇಳು ಅಂಶ ಮೇಲೆ, ದಕ್ಷಿಣಕ್ಕೆ ಎಚ್‌ಆರ್ 6819 ಹದಿನಾರೂವರೆ ಅಂಶ ಮೇಲೆ.