ಕಿವಿಗೊಟ್ಟು ತಿದ್ದಿದ ಕರಡು

ಅಕ್ಷರ ಮತ್ತು ಉಚ್ಚಾರಗಳ ಜೋಡಣೆ ಸುಲಭವಾಗಿ ಕೈಗೂಡದ ಕಲಿಕಾ ತೊಡಕನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಅದು ಕಲ್ಪನೆಯ ಕೊರತೆ ಅಲ್ಲವೇ ಅಲ್ಲ ಎಂಬುದಕ್ಕೆ, ಅದರೊಂದಿಗೇ ಬದುಕಿ 1979ರಲ್ಲಿ ‘ಕಿಂಡ್ರೆಡ್’ ಕಾದಂಬರಿಯನ್ನು ಪ್ರಕಟಿಸಿದ ಅಮೆರಿಕದ ಆಕ್ಟೇವಿಯಾ ಬಟ್ಲರ್ ಸಾಕ್ಷಿ. ಇಂಥ ತೊಡಕುಳ್ಳ ಹವ್ಯಾಸಿ ಕಥೆಗಾರರು ಕನ್ನಡದಲ್ಲಿ ತಮ್ಮ ಕರಡನ್ನು ತಾವೇ ತಿದ್ದಿಕೊಳ್ಳುವ ಶ್ರಮ ವಿಶೇಷ ಗೌರವಕ್ಕೆ ಅರ್ಹವಾದುದು. ಏಕೆಂದರೆ ಇಲ್ಲಿ ವಕಾರ ಮಕಾರಗಳ ಅಂತರ ಒಂದು ಬಾಲದಷ್ಟೇ, ಮಹಾಪ್ರಾಣವನ್ನು ಹಲವೆಡೆ ಅಡಿಯ ಸಣ್ಣ ಗೀಟೊಂದೇ ಸೂಚಿಸುತ್ತದೆ, ಅರ್ಕಾವತ್ತು, ಅಂದರೆ ವ್ಯಂಜನಕ್ಕೆ ಮೊದಲು ಉಚ್ಚರಿಸುವ ರಕಾರದ ಗುರುತು, ಬರಹದಲ್ಲಿ ಆ ವ್ಯಂಜನದ ನಂತರ ಬರುತ್ತದೆ. ಕಣ್ಣು ಬರೆದದ್ದನ್ನು ಬಿಟ್ಟು ಬರೆಯಬೇಕೆಂದಿದ್ದುದನ್ನೇ ಓದಿಬಿಡುವುದರಿಂದ, ಪಠ್ಯವನ್ನು ಧ್ವನಿಯಾಗಿಸುವ, ಕನ್ನಡಕ್ಕೂ ಲಭ್ಯವಿರುವ ಇ-ಸ್ಪೀಕ್‌ನಂಥ ತಂತ್ರಾಂಶದಿಂದ ಕರಡನ್ನು ಕೇಳಿಸಿಕೊಂಡಾಗ ಬಿಟ್ಟುಹೋದ ಪ್ರತ್ಯಯ, ತಪ್ಪಿದ ದೀರ್ಘ, ಜಾಳಾದ ಸಂಭಾಷಣೆ ತಾವಾಗಿ ಹೊರಬೀಳುತ್ತವೆ. ಶಕಾರ ಷಕಾರಗಳ ಭೇದ ಮಾತ್ರ ಕಿವಿಗೆ ಸಿಗುವುದು ಕಷ್ಟ. ಅದಕ್ಕೆ ಪದೇಪದೇ ತಪ್ಪುವ ಪದಗಳ ಸ್ವಂತ ಪಟ್ಟಿ, ಕೊನೆಯ ವಾಕ್ಯದಿಂದ ಹಿಮ್ಮುಖವಾಗಿ ಓದುವ ಕ್ರಮ ನೆರವಾಗುತ್ತವೆ. ಮೊದಲು ಪಾತ್ರ ಸನ್ನಿವೇಶಗಳನ್ನು ಗಟ್ಟಿಗೊಳಿಸಿ ಕಾಗುಣಿತವನ್ನು ಕೊನೆಗಿಟ್ಟುಕೊಳ್ಳುವವರ ವಿವೇಕ ಇನ್ನೂ ದೊಡ್ಡದು, ಏಕೆಂದರೆ ಹೇಗೂ ಅಳಿಸಲಿರುವ ಪುಟದ ಒತ್ತಕ್ಷರಗಳಿಗೆ ಅವರು ತಮ್ಮ ಶಕ್ತಿಯನ್ನು ವ್ಯಯಿಸುವುದಿಲ್ಲ.