ಎರಡು ಕಂಪನಿ, ಒಂದು ಟರ್ಬೈನ್: ಒಂದು ವಿಲೀನದ ವಿಮರ್ಶೆ

ಒಂದು ಕಂಪನಿ ಇನ್ನೊಂದನ್ನು ಕೊಂಡಿತೆಂಬ ಸುದ್ದಿಯನ್ನು ನೀವು ಆಗಾಗ ಓದಿರುತ್ತೀರಿ. ಹಣ ಪಾವತಿಯಾದ ದಿನವೇ ವಿಲೀನ ಮುಗಿಯುತ್ತದೆಯೇ? ಅನಿಲ ಟರ್ಬೈನುಗಳ ಮಟ್ಟಿಗೆ ಹೇಳುವುದಾದರೆ, ಅದು ಆರಂಭವಾಗುವುದೇ ಅಂದು.

ಜರ್ಮನಿಯ ಸೀಮೆನ್ಸ್ 1998ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್‌ನ ಉಷ್ಣವಿದ್ಯುತ್ ವಿಭಾಗವನ್ನು ಕೊಂಡಿತು. ಆಗ ಎರಡರ ಪ್ರಮುಖ ಯಂತ್ರಗಳ ರಚನೆಯೇ ಬೇರೆಯಾಗಿತ್ತು. ಸೀಮೆನ್ಸ್‌ನದರಲ್ಲಿ ಇಂಧನ ಉರಿಯುತ್ತಿದ್ದುದು ಬಳೆಯಾಕಾರದ ಒಂದೇ ದಹನ ಕೋಷ್ಠದಲ್ಲಿ. ವೆಸ್ಟಿಂಗ್‌ಹೌಸ್‌ನದರಲ್ಲಿ ಸುತ್ತಲೂ ಜೋಡಿಸಿದ ಬಿಡಿ ಡಬ್ಬಿಗಳಲ್ಲಿ. ರೋಟರಿನ ತಟ್ಟೆಗಳನ್ನು ಸೀಮೆನ್ಸ್ ನಡುವಿನ ಒಂದೇ ದಂಡದಿಂದ ಬಿಗಿಯುತ್ತಿತ್ತು. ವೆಸ್ಟಿಂಗ್‌ಹೌಸ್ ಹಲವು ಬೋಲ್ಟುಗಳಿಂದ.

ಕೊಂಡವರ ವಿನ್ಯಾಸವನ್ನು ಉಳಿಸಿ ಉಳಿದುದನ್ನು ಕೈಬಿಡುವುದು ಸುಲಭವಾಗಿತ್ತು. ಹಾಗೆ ಮಾಡದಿದ್ದುದೇ ಈ ವಿಲೀನದ ಹೆಚ್ಚುಗಾರಿಕೆ. ಹೊಸ 8000ಎಚ್ ಟರ್ಬೈನಿಗೆ ರೋಟರ್ ಸೀಮೆನ್ಸ್ ಪದ್ಧತಿಯದು, ದಹನ ಕೋಷ್ಠ ವೆಸ್ಟಿಂಗ್‌ಹೌಸ್ ಪದ್ಧತಿಯದು. ಇದಕ್ಕೆ ಕಾರಣವೂ ಉಂಟು. ಡಬ್ಬಿಯೊಂದನ್ನು ಬಿಡಿಯಾಗಿ ಪರೀಕ್ಷಿಸಬಹುದು. 50 ಹರ್ಟ್ಸ್ ಯಂತ್ರಕ್ಕೆ 16, ಚಿಕ್ಕದಾದ 60 ಹರ್ಟ್ಸ್ ಯಂತ್ರಕ್ಕೆ 12 ಎಂದು ಸಂಖ್ಯೆಯನ್ನಷ್ಟೇ ಬದಲಿಸಬಹುದು. ಬವೇರಿಯದ ಇರ್ಷಿಂಗ್‌ನಲ್ಲಿ 2007ರ ಕೊನೆಯಿಂದ ದೀರ್ಘ ಪರೀಕ್ಷೆ ನಡೆಯಿತು. 2011ರಲ್ಲಿ ಅಲ್ಲಿನ ಸಂಯುಕ್ತ ಚಕ್ರ ಸ್ಥಾವರ ಶೇ. 60.75 ದಕ್ಷತೆ ತೋರಿತು. ಅಂದಿಗೆ ಅದು ವಿಶ್ವದಾಖಲೆ.

ಇದಕ್ಕೆ ವ್ಯತಿರಿಕ್ತವಾದುದು ಫ್ರಾನ್ಸಿನ ಆಲ್‌ಸ್ಟಾಮ್ ಕಥೆ. ಅದು 2000ದಲ್ಲಿ ಎಬಿಬಿಯ ವಿದ್ಯುತ್ ವ್ಯವಹಾರವನ್ನು ಪೂರ್ತಿ ತನ್ನದಾಗಿಸಿಕೊಂಡಿತು. ಅನಿಲವನ್ನು ಎರಡು ಹಂತಗಳಲ್ಲಿ ಉರಿಸುವ ಜಿಟಿ24, ಜಿಟಿ26 ಯಂತ್ರಗಳೂ ಜೊತೆಗೆ ಬಂದವು. ಕಲ್ಪನೆ ಉತ್ತಮವಾದುದೇ. ಆದರೆ ಮಾರಾಟವಾಗಿದ್ದ ಯಂತ್ರಗಳಲ್ಲಿ ದೋಷಗಳು ಕಾಣಿಸಿಕೊಂಡವು. ದುರಸ್ತಿ ಮತ್ತು ಪರಿಹಾರದ ಹೊರೆ ನೂರಾರು ಕೋಟಿ ಯೂರೋಗಳಿಗೇರಿತು. 2003ರಲ್ಲಿ ಫ್ರೆಂಚ್ ಸರ್ಕಾರವೇ ಕೈಹಿಡಿಯಬೇಕಾಯಿತು. ಗಿರಾಕಿಯ ಸ್ಥಾವರವೇ ಪರೀಕ್ಷಾಲಯವಾದರೆ ಆಗುವುದು ಹೀಗೆ.

ಸೀಮೆನ್ಸ್ ದಾರಿಗೂ ಬೆಲೆ ಇತ್ತು: ಕೊಂಡದ್ದರಿಂದ ದಾಖಲೆಯವರೆಗೆ 13 ವರ್ಷ. ಅಷ್ಟರಲ್ಲಿ ಜರ್ಮನಿಯಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತು ಹೆಚ್ಚಿತ್ತು. ದಾಖಲೆ ಮಾಡಿದ ಸ್ಥಾವರವನ್ನೇ ಮುಚ್ಚುತ್ತೇವೆಂದು ಮಾಲೀಕರು 2015ರಲ್ಲಿ ಪ್ರಕಟಿಸಿದರು. ದಕ್ಷತೆ ಗೆದ್ದಿತು, ಮಾರುಕಟ್ಟೆ ಕಾಯಲಿಲ್ಲ.

ಹಾಗಿದ್ದರೂ ಆತುರವೇ ಮೇಲೆಂದು ಹೇಳಲಾಗದು. ಮುಂದೆ ಇಂಥ ಸುದ್ದಿ ಓದಿದಾಗ ಕೊಂಡ ಬೆಲೆಯನ್ನಷ್ಟೇ ನೋಡಬೇಡಿ. ಯಾರ ಅನುಭವ ಉಳಿಯಿತು, ಯಂತ್ರವನ್ನು ಎಲ್ಲಿ ಪರೀಕ್ಷಿಸಿದರು ಎಂದು ಕೇಳಿ. ವಿಲೀನದ ನಿಜವಾದ ಲೆಕ್ಕ ಅಲ್ಲಿದೆ.